ಹಳೆಯ ಪ್ಯಾಲೆಟ್‌ಗೆ ಹೊಸ ಬಾಳು: ಮನೆಗೆ ತರುವ ಮುನ್ನ ಮುದ್ರೆ ಓದಿ

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿಗಳಿಂದ ಹಿಡಿದು ಮಂಗಳೂರಿನ ಬೈಕಂಪಾಡಿ, ಬೆಳಗಾವಿಯ ಉದ್ಯಮಬಾಗದವರೆಗೆ ಯಾವ ಕೈಗಾರಿಕಾ ಪ್ರದೇಶದಲ್ಲಿ ಸಂಚರಿಸಿದರೂ ಒಂದು ದೃಶ್ಯ ಸಾಮಾನ್ಯ. ಕಾರ್ಖಾನೆಯ ಹಿತ್ತಲಲ್ಲಿ, ಗೋದಾಮಿನ ಗೋಡೆಗೊರಗಿ, ಬಿಸಿಲು ಮಳೆಗೆ ಬಣ್ಣಗೆಟ್ಟ ಮರದ ಚೌಕಟ್ಟುಗಳು ರಾಶಿಯಾಗಿ ಬಿದ್ದಿರುತ್ತವೆ. ಇವೇ ಪ್ಯಾಲೆಟ್‌ಗಳು. ಯಂತ್ರದ ಬಿಡಿಭಾಗಗಳನ್ನೋ, ಟೈಲ್ಸ್ ಪೆಟ್ಟಿಗೆಗಳನ್ನೋ, ರಾಸಾಯನಿಕದ ಪೀಪಾಯಿಗಳನ್ನೋ ಹೊತ್ತು ತಂದು, ಒಂದೆರಡು ಹಲಗೆ ಮುರಿದೊಡನೆ ಕೆಲಸಕ್ಕೆ ಬಾರದವೆನಿಸಿ ಗುಜರಿ ಅಂಗಡಿ ಸೇರುತ್ತವೆ. ಅಲ್ಲಿಂದ ಮುಂದೆ ಬಹುಪಾಲು ಸೌದೆಯಾಗಿ ಒಲೆ ಸೇರುವುದೇ ವಾಡಿಕೆ.

ಇತ್ತೀಚಿನ ವರ್ಷಗಳಲ್ಲಿ ಈ ಹಲಗೆಗಳಿಗೆ ಬೇರೊಂದು ದಾರಿ ತೆರೆದುಕೊಂಡಿದೆ. ಕೈತೋಟದ ಗಿಡಪೆಟ್ಟಿಗೆ, ಗೊಬ್ಬರದ ತೊಟ್ಟಿ, ಜಗುಲಿಯ ಬೆಂಚು, ಮಲಗುವ ಮಂಚ ಹೀಗೆ ನಾನಾ ರೂಪಗಳಲ್ಲಿ ಪ್ಯಾಲೆಟ್ ನಗರದ ಮನೆಗಳನ್ನು ಪ್ರವೇಶಿಸುತ್ತಿದೆ. ಒಳ್ಳೆಯ ಮರ ಬೂದಿಯಾಗುವುದು ತಪ್ಪುತ್ತದೆ, ಕೈಯಿಂದ ಏನನ್ನಾದರೂ ಮಾಡಿದ ತೃಪ್ತಿಯೂ ದೊರೆಯುತ್ತದೆ. ಆದರೆ ಎಲ್ಲಾ ಪ್ಯಾಲೆಟ್‌ಗಳೂ ಒಂದೇ ಅಲ್ಲ. ಕೆಲವು ವಿಷಾನಿಲದ ಧೂಪ ಹಾಕಿಸಿಕೊಂಡವು, ಕೆಲವು ಏನನ್ನು ಹೀರಿಕೊಂಡಿವೆಯೋ ಹೇಳಲಾಗದಂಥವು. ಸೊಪ್ಪು ಬೆಳೆಯುವ ಪೆಟ್ಟಿಗೆಗೆ, ಮಗು ಮಲಗುವ ಮಂಚಕ್ಕೆ ಯಾವ ಹಲಗೆ ಯೋಗ್ಯ ಎಂಬುದನ್ನು ಅರಿಯದೆ ಮನೆಗೆ ತರುವುದು ಜಾಣತನವಲ್ಲ.

ಏನಿದು ಪ್ಯಾಲೆಟ್?

ಸರಕನ್ನು ನೆಲದಿಂದ ನಾಲ್ಕಾರು ಅಂಗುಲ ಎತ್ತರದಲ್ಲಿಟ್ಟು, ಫೋರ್ಕ್‌ಲಿಫ್ಟ್ ವಾಹನದ ಎರಡು ಕವೆಗಳು ಅಡಿಯಲ್ಲಿ ನುಗ್ಗಲು ಜಾಗ ಬಿಡುವ ಮರದ ಮಣೆಯೇ ಪ್ಯಾಲೆಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಸಾಮಗ್ರಿಯನ್ನು ಶೀಘ್ರವಾಗಿ ಹಡಗಿಗೇರಿಸಿ ಇಳಿಸುವ ಅಗತ್ಯ ಇದರ ಬಳಕೆಯನ್ನು ವ್ಯಾಪಕಗೊಳಿಸಿತು. ಯುದ್ಧ ಮುಗಿದು ಅಮೆರಿಕದ ಸೇನೆ ಆಸ್ಟ್ರೇಲಿಯಾದಿಂದ ನಿರ್ಗಮಿಸಿದಾಗ ಬಿಟ್ಟುಹೋದ ಪ್ಯಾಲೆಟ್ ಹಾಗೂ ಯಂತ್ರಗಳನ್ನು ಅಲ್ಲಿನ ಸರ್ಕಾರ ಒಂದು ಸಂಸ್ಥೆಯಡಿ ತಂದಿತು. ಇಂದು ಜಗತ್ತಿನಾದ್ಯಂತ ನೀಲಿ ಬಣ್ಣದ ಪ್ಯಾಲೆಟ್‌ಗಳನ್ನು ಬಾಡಿಗೆಗೆ ನೀಡುವ 'ಚೆಪ್' ಕಂಪನಿಯ ಮೂಲ ಇದೇ. 1961ರಲ್ಲಿ ಯೂರೋಪಿನ ರೈಲ್ವೆಗಳು ಒಂದೇ ಅಳತೆಯ ಪ್ಯಾಲೆಟ್ ಬಳಸಲು ಒಪ್ಪಿಕೊಂಡವು. 1200 ಮಿಲಿಮೀಟರ್ ಉದ್ದ, 800 ಮಿಲಿಮೀಟರ್ ಅಗಲ, 144 ಮಿಲಿಮೀಟರ್ ಎತ್ತರದ ಈ 'ಯೂರೋ ಪ್ಯಾಲೆಟ್' 11 ಹಲಗೆ, 9 ಮರದ ತುಂಡು ಹಾಗೂ 78 ಮೊಳೆಗಳಿಂದ ಕೂಡಿದ್ದು, ಸುಮಾರು 25 ಕಿಲೋ ತೂಗುತ್ತದೆ.

ನಮ್ಮಲ್ಲಿ ದೊರೆಯುವ ಪ್ಯಾಲೆಟ್‌ಗಳಲ್ಲಿ ಎರಡು ಬಗೆ. ವಿದೇಶದಿಂದ ಸರಕಿನೊಂದಿಗೆ ಬಂದವು ಬಹುತೇಕ ಪೈನ್ ಮರದವು. ತಿಳಿಹಳದಿ ಬಣ್ಣ, ಹಗುರ ತೂಕ, ಅಲ್ಲಲ್ಲಿ ಕಪ್ಪು ಗಂಟು ಇವುಗಳ ಗುರುತು. ಇಲ್ಲಿಯೇ ತಯಾರಾದವು ಸಿಲ್ವರ್ ಓಕ್, ರಬ್ಬರ್, ನೀಲಗಿರಿ, ಅಕೇಶಿಯ, ಮಾವು ಹೀಗೆ ಸಿಕ್ಕ ಮರದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಪ್ಲೈವುಡ್ ಜೊತೆಗೆ ಪ್ಯಾಕಿಂಗ್ ಪೆಟ್ಟಿಗೆಗಳಿಗೂ ಹೋಗುತ್ತದೆ ಎಂಬುದು ಮಲೆನಾಡಿನವರಿಗೆ ತಿಳಿದ ಸಂಗತಿ.

ಮುದ್ರೆಯ ಹಿಂದೊಂದು ಕಥೆ

ವಿದೇಶಿ ಪ್ಯಾಲೆಟ್‌ನ ಬದಿಯಲ್ಲಿ ಸುಟ್ಟು ಒತ್ತಿದ ಅಥವಾ ಮಸಿಯಲ್ಲಿ ಅಚ್ಚೊತ್ತಿದ ಒಂದು ಮುದ್ರೆ ಇರುತ್ತದೆ. ಇದು ಅಲಂಕಾರಕ್ಕಲ್ಲ. 1996ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಮೇಪಲ್ ಮರಗಳು ಒಳಗಿಂದೊಳಗೆ ಟೊಳ್ಳಾಗುತ್ತಿರುವುದು ಪತ್ತೆಯಾಯಿತು. ಏಷ್ಯಾದ ಉದ್ದ ಮೀಸೆಯ ಕಾಂಡಕೊರಕ ದುಂಬಿಯೊಂದು ಚೀನಾದ ಸರಕಿನ ಮರದ ಪೆಟ್ಟಿಗೆಗಳಲ್ಲಿ ಅಡಗಿ ಬಂದು ಅಲ್ಲಿ ಬೀಡುಬಿಟ್ಟಿತ್ತು. ಅದನ್ನು ಹತೋಟಿಗೆ ತರಲು ಸಾವಿರಾರು ಮರಗಳನ್ನು ಕಡಿಯಬೇಕಾಯಿತು. 1999ರಲ್ಲಿ ಪೋರ್ಚುಗಲ್‌ನಲ್ಲಿ ಪೈನ್ ಮರಗಳನ್ನು ಒಣಗಿಸುವ ಸೂಕ್ಷ್ಮ ಜಂತುಹುಳು ಕಾಣಿಸಿಕೊಂಡಿತು. ಹಡಗೇರುವ ಮರದ ಪೆಟ್ಟಿಗೆಯೇ ಕೀಟಗಳ ವಾಹನವಾಗುತ್ತಿದೆ ಎಂಬುದು ಜಗತ್ತಿಗೆ ಮನವರಿಕೆಯಾಯಿತು.

ಇದರ ಫಲವಾಗಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯಡಿ 2002ರಲ್ಲಿ 'ಐಎಸ್‌ಪಿಎಂ-15' ಎಂಬ ಮಾನದಂಡ ಜಾರಿಗೆ ಬಂದಿತು. ದೇಶದಿಂದ ದೇಶಕ್ಕೆ ಸಾಗುವ ಸರಕಿನ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳನ್ನು ಕೀಟಮುಕ್ತಗೊಳಿಸಿ ಮುದ್ರೆ ಒತ್ತಬೇಕು ಎಂಬುದು ಇದರ ಸಾರ. ಭಾರತವೂ 2003ರ ಸಸ್ಯ ಸಂಗರೋಧ ಆದೇಶದ ಮೂಲಕ ಆಮದು ಸರಕಿನ ಮರದ ಪ್ಯಾಕಿಂಗ್ ಸಾಮಗ್ರಿಯನ್ನು ನಿಯಂತ್ರಣಕ್ಕೆ ಒಳಪಡಿಸಿದೆ.

ಮುದ್ರೆ ಓದುವುದು ಹೇಗೆ?

ಚೌಕಾಕಾರದ ಮುದ್ರೆಯ ಎಡಭಾಗದಲ್ಲಿ ತೆನೆಯ ಚಿಹ್ನೆ ಇರುತ್ತದೆ. ಬಲಭಾಗದಲ್ಲಿ ಮೊದಲು ದೇಶದ ಎರಡಕ್ಷರದ ಸಂಕೇತ: ಭಾರತಕ್ಕೆ 'ಐಎನ್', ಚೀನಾಕ್ಕೆ 'ಸಿಎನ್', ಜರ್ಮನಿಗೆ 'ಡಿಇ'. ನಂತರ ತಯಾರಕರ ಅಥವಾ ಉಪಚಾರ ನೀಡಿದವರ ನೋಂದಣಿ ಸಂಖ್ಯೆ. ಕೊನೆಯಲ್ಲಿ ಬರುವ ಎರಡು ಇಂಗ್ಲಿಷ್ ಅಕ್ಷರಗಳೇ ನಮಗೆ ಮುಖ್ಯ.

'ಎಚ್‌ಟಿ' ಎಂದಿದ್ದರೆ ಶಾಖದಿಂದ ಉಪಚರಿಸಲಾಗಿದೆ ಎಂದರ್ಥ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿ, ಕನಿಷ್ಠ 30 ನಿಮಿಷ ಉಳಿಯಬೇಕು ಎಂಬುದು ನಿಯಮ. ಇದರಲ್ಲಿ ರಾಸಾಯನಿಕವಿಲ್ಲ. 'ಡಿಎಚ್' ಎಂದರೆ ಮೈಕ್ರೋವೇವ್‌ನಂಥ ವಿಧಾನದಿಂದ ಬಿಸಿ ಮಾಡಿದ್ದು, ಇದೂ ನಿರಪಾಯ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲದ ಧೂಪ ಹಾಕಲಾಗಿದೆ. 'ಎಸ್‌ಎಫ್' ಎಂದರೆ ಸಲ್ಫ್ಯೂರಿಲ್ ಫ್ಲೋರೈಡ್ ಎಂಬ ಇನ್ನೊಂದು ಅನಿಲ.

ಮೀಥೈಲ್ ಬ್ರೋಮೈಡ್ ನರಮಂಡಲಕ್ಕೂ ಶ್ವಾಸಕೋಶಕ್ಕೂ ಹಾನಿ ಮಾಡುವ ವಿಷ. ಓಜೋನ್ ಪದರವನ್ನು ತೆಳುವಾಗಿಸುವ ಅನಿಲಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ. ಮಾಂಟ್ರಿಯಲ್ ಒಪ್ಪಂದದಡಿ ಕೃಷಿಯಲ್ಲಿ ಇದರ ಬಳಕೆ ಕೊನೆಗೊಳಿಸಲಾಗಿದ್ದರೂ ಸರಕಿನ ಕೀಟನಾಶಕ್ಕೆ ವಿನಾಯಿತಿ ಉಳಿದಿದೆ. ಯೂರೋಪಿಯನ್ ಒಕ್ಕೂಟ ಮಾತ್ರ 2010ರ ಮಾರ್ಚ್‌ನಿಂದ ಅದನ್ನೂ ನಿಲ್ಲಿಸಿದೆ. ಧೂಪ ಹಾಕಿದ ಅನಿಲ ಗಾಳಿಯಲ್ಲಿ ಬಹುಪಾಲು ಹಾರಿಹೋಗುತ್ತದೆ ಎಂಬುದು ನಿಜ. ಹಾಗಿದ್ದರೂ ಒಂದೇ ಪ್ಯಾಲೆಟ್ ಎಷ್ಟು ಬಾರಿ ಧೂಪಕ್ಕೆ ಒಳಗಾಗಿದೆ ಎಂಬುದು ಮುದ್ರೆಯಿಂದ ತಿಳಿಯುವುದಿಲ್ಲ. ಎಚ್‌ಟಿ ಮುದ್ರೆಯ ಹಲಗೆ ಧಾರಾಳವಾಗಿ ಸಿಗುವಾಗ ಎಂಬಿ, ಎಸ್‌ಎಫ್ ಮುದ್ರೆಯವನ್ನು ಮನೆಗೆ ತರುವ ಅಗತ್ಯವೇ ಇಲ್ಲ.

ಮುದ್ರೆ ಇಲ್ಲದಿದ್ದರೆ?

ದೇಶದೊಳಗೇ ಓಡಾಡಿದ ಪ್ಯಾಲೆಟ್‌ಗಳಿಗೆ ಈ ಮುದ್ರೆ ಕಡ್ಡಾಯವಲ್ಲ. ಆದ್ದರಿಂದ ಮುದ್ರೆ ಇಲ್ಲ ಎಂದ ಮಾತ್ರಕ್ಕೆ ಅದು ವಿಷಯುಕ್ತವೂ ಅಲ್ಲ, ಶುದ್ಧವೂ ಅಲ್ಲ. ಅಂತಹ ಕಡೆ ಅದರ ಪೂರ್ವಾಪರವೇ ಆಧಾರ. ಗುಜರಿಯವರಿಗಿಂತ ನೇರವಾಗಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ವಿಚಾರಿಸುವುದು ಮೇಲು. ಟೈಲ್ಸ್, ಕಾಗದ, ಬಿಸ್ಕತ್ತು ಹೊತ್ತದ್ದಾದರೆ ಚಿಂತೆಯಿಲ್ಲ. ಬಣ್ಣ, ದ್ರಾವಕ, ಕೀಟನಾಶಕ, ಬ್ಯಾಟರಿ ಆಮ್ಲ ಹೊತ್ತದ್ದಾದರೆ ಕೈಬಿಡುವುದು ಕ್ಷೇಮ.

ಕಣ್ಣು, ಮೂಗುಗಳೂ ಇಲ್ಲಿ ಉಪಯುಕ್ತ. ಎಣ್ಣೆಯ ಕಲೆ, ಹಸಿರು ಅಥವಾ ನೀಲಿ ಛಾಯೆ, ಘಾಟು ವಾಸನೆ, ಮಗ್ಗಲು ಹಿಡಿದ ವಾಸನೆ ಇವುಗಳಲ್ಲಿ ಯಾವುದಿದ್ದರೂ ಬೇಡ. ವಾಸನೆಯನ್ನು ಹಗುರವಾಗಿ ಪರಿಗಣಿಸಬಾರದು ಎಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿ 2010ರ ಜನವರಿಯಲ್ಲಿ ಟೈಲೆನಾಲ್ ಸೇರಿದಂತೆ ಹಲವು ಔಷಧಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಮಾತ್ರೆ ಬಾಟಲಿಗಳಿಂದ ಬರುತ್ತಿದ್ದ ಬೂಷ್ಟಿನ ವಾಸನೆಗೆ, ಅವುಗಳ ಪ್ಯಾಕಿಂಗ್ ಸಾಮಗ್ರಿಯನ್ನು ಸಾಗಿಸಿದ್ದ ಮರದ ಪ್ಯಾಲೆಟ್‌ಗಳಿಗೆ ಬಳಸಿದ್ದ ಸಂರಕ್ಷಕ ರಾಸಾಯನಿಕದಿಂದ ಹುಟ್ಟಿದ ಸಂಯುಕ್ತ ಕಾರಣವೆಂದು ತಯಾರಕರು ತಿಳಿಸಿದ್ದರು.

ಇನ್ನೊಂದು ಎಚ್ಚರಿಕೆ: 'ಚೆಪ್' ಅಕ್ಷರಗಳಿರುವ ನೀಲಿ ಪ್ಯಾಲೆಟ್‌ಗಳು ಬಾಡಿಗೆಗೆ ಕೊಟ್ಟವೇ ಹೊರತು ಮಾರಿದವಲ್ಲ. ಗುಜರಿಯಲ್ಲಿ ಸಿಕ್ಕರೂ ಅವು ಕಂಪನಿಯ ಸ್ವತ್ತು.

ಶಾಖ ಕಂಡ ಮರಕ್ಕೂ ಗೆದ್ದಲು ಹತ್ತುತ್ತದೆ

ಎಚ್‌ಟಿ ಮುದ್ರೆಯ ಬಗ್ಗೆ ತಪ್ಪು ತಿಳಿವಳಿಕೆಯೊಂದು ಪ್ರಚಲಿತದಲ್ಲಿದೆ. ಶಾಖೋಪಚಾರವು ಆ ಕ್ಷಣದಲ್ಲಿ ಮರದೊಳಗಿದ್ದ ಹುಳು, ಮೊಟ್ಟೆಗಳನ್ನು ಕೊಲ್ಲುತ್ತದೆ ಅಷ್ಟೆ. ಮುಂದೆ ಬರುವ ಗೆದ್ದಲಿಗೂ ಶಿಲೀಂಧ್ರಕ್ಕೂ ಅದು ಯಾವ ತಡೆಯನ್ನೂ ಒಡ್ಡುವುದಿಲ್ಲ. ಪೈನ್ ಮರ ಸ್ವಭಾವತಃ ಮೆದು. ತೇಗ, ಹಲಸಿನಂತೆ ತನ್ನೊಳಗೆ ರಕ್ಷಣೆಯನ್ನು ಇಟ್ಟುಕೊಂಡಿಲ್ಲ. ನಮ್ಮ ಕೆಂಪು ಮಣ್ಣಿನ ಮೇಲೆ ನೇರವಾಗಿ ಇರಿಸಿದರೆ ಒಂದೆರಡು ಮಳೆಗಾಲದಲ್ಲಿ ಗೆದ್ದಲಿನ ಪಾಲಾಗುವುದು ಖಚಿತ.

ಸೊಪ್ಪು ಬೆಳೆಯಲು ಸುರಕ್ಷಿತವಾದ, ರಾಸಾಯನಿಕ ಸೋಕದ ಹಲಗೆಯೇ ಎಲ್ಲಕ್ಕಿಂತ ಬೇಗ ಕೊಳೆಯುವ ಹಲಗೆಯೂ ಹೌದು. ಎರಡನ್ನೂ ಒಟ್ಟಿಗೆ ಪಡೆಯಲಾಗದು. ಹಾಗಾಗಿ ಮದ್ದು ಬಳಿಯುವುದರ ಬದಲು ನೀರು, ಮಣ್ಣುಗಳಿಂದ ದೂರವಿಡುವುದೇ ಉಪಾಯ. ಪೆಟ್ಟಿಗೆಯ ಕಾಲುಗಳ ಕೆಳಗೆ ಇಟ್ಟಿಗೆ ಅಥವಾ ಕಲ್ಲು ಇರಲಿ. ಮಳೆನೀರು ನಿಲ್ಲದೆ ಜಾರಿಹೋಗಲಿ. ಹಲಗೆ ಹಲಗೆಗಳ ನಡುವೆ ಗಾಳಿಯಾಡಲಿ. ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ತರಕಾರಿ ಬೆಳೆಯುವ ಕಡೆ ಅದು ಸಲ್ಲದು. ಅಗಸೆ ಎಣ್ಣೆಯನ್ನು ಎರಡು ಮೂರು ಬಾರಿ ಸವರಬಹುದು. ಆದರೆ ಅಗಸೆ ಎಣ್ಣೆಯಲ್ಲಿ ನೆಂದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹರಡಿ ಒಣಗಿಸಿಯೇ ಬಿಸಾಡಬೇಕು.

ಬಿಚ್ಚುವುದೇ ದೊಡ್ಡ ಕೆಲಸ

ಪ್ಯಾಲೆಟ್‌ನ ಮೊಳೆಗಳು ಸಾಮಾನ್ಯ ಮೊಳೆಗಳಲ್ಲ. ಭಾರ ಹೊತ್ತು ಅಲುಗಾಡಿದರೂ ಸಡಿಲವಾಗದಿರಲೆಂದು ಅವುಗಳ ಮೈಮೇಲೆ ಸುರುಳಿ ಅಥವಾ ಬಳೆಯಂತಹ ಗೀರುಗಳಿರುತ್ತವೆ. ಸುತ್ತಿಗೆಯಿಂದ ಬಡಿದೋ, ಹಾರೆಯಿಂದ ಮೀಟಿಯೋ ಕೀಳಲು ಹೊರಟರೆ ಮೊಳೆ ಅಲ್ಲೇ ಉಳಿದು ಹಲಗೆ ಸೀಳುತ್ತದೆ.

ಇದಕ್ಕೆ ಎರಡು ಮಾರ್ಗಗಳಿವೆ. ಹಲಗೆ ಹಾಗೂ ಅಡ್ಡಪಟ್ಟಿಯ ನಡುವೆ ಬೆಣೆ ತೂರಿಸಿ ಸಂದು ಮಾಡಿಕೊಂಡು, ಕಬ್ಬಿಣ ಕೊಯ್ಯುವ ಗರಗಸದಿಂದ ಮೊಳೆಯನ್ನೇ ಕತ್ತರಿಸುವುದು ಮೊದಲನೆಯದು. ಸಮಯ ಹಿಡಿಯುತ್ತದೆ, ಆದರೆ ಹಲಗೆಯ ಪೂರ್ಣ ಉದ್ದ ದಕ್ಕುತ್ತದೆ. ಉದ್ದ ಬೇಕಿಲ್ಲದಿದ್ದರೆ ಅಡ್ಡಪಟ್ಟಿಯ ಪಕ್ಕಕ್ಕೇ ಸಾಮಾನ್ಯ ಗರಗಸದಿಂದ ಹಲಗೆಯನ್ನು ಕೊಯ್ದು ತೆಗೆಯುವುದು ಎರಡನೆಯದು. ತುಂಡುಗಳು ಗಿಡ್ಡವಾದರೂ ಒಂದೂ ಸೀಳುವುದಿಲ್ಲ, ಮೊಳೆಯೂ ಇರುವುದಿಲ್ಲ. ಗಿಡಪೆಟ್ಟಿಗೆಯಂತಹ ಚಿಕ್ಕ ಕೆಲಸಕ್ಕೆ ಇದೇ ಸರಿ.

ಮೊದಲ ವಿಧಾನದಲ್ಲಿ ತೆಗೆದ ಹಲಗೆಯಲ್ಲಿ ಮೊಳೆಯ ತಲೆಗಳು ಉಳಿದಿರುತ್ತವೆ. ಕೀಸುಳಿ ಹಾಕುವ ಮುನ್ನ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಲಗೆಯುದ್ದಕ್ಕೂ ಆಡಿಸಿದರೆ ಅಡಗಿದ ಕಬ್ಬಿಣವೆಲ್ಲ ಪತ್ತೆಯಾಗುತ್ತದೆ. ಕೆಲಸಕ್ಕೆ ಬರುವ ಬಡಗಿಯ ಉಪಕರಣದ ಅಲಗು ಉಳಿಯಬೇಕಾದರೆ ಈ ಪರೀಕ್ಷೆ ತಪ್ಪಿಸುವಂತಿಲ್ಲ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಉಜ್ಜುಕಾಗದ ಹಾಕುವಾಗ ಮುಖಗವಸು ಅವಶ್ಯ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು 1995ರಲ್ಲೇ ವರ್ಗೀಕರಿಸಿದೆ. ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯು ಚುಚ್ಚುಮದ್ದಿನ ಕುರಿತು ವೈದ್ಯರನ್ನು ಕಾಣಬೇಕು.

ಅಂಗಳದಲ್ಲಿ ಏನೇನು?

ಬಿಚ್ಚದೆಯೇ ಮಾಡಬಹುದಾದ ಅತ್ಯಂತ ಸುಲಭದ ಕೆಲಸ ಗೊಬ್ಬರದ ತೊಟ್ಟಿ. ನಾಲ್ಕು ಪ್ಯಾಲೆಟ್‌ಗಳನ್ನು ಚೌಕವಾಗಿ ನಿಲ್ಲಿಸಿ ಮೂಲೆಗಳನ್ನು ತಂತಿಯಿಂದ ಬಿಗಿದರೆ ಸುಮಾರು ಒಂದು ಘನ ಮೀಟರ್ ಜಾಗ ಸಿದ್ಧ. ಈ ಅಳತೆಗೆ ಮಹತ್ವವಿದೆ. ರಾಶಿ ಚಿಕ್ಕದಾದರೆ ಒಳಗೆ ಹುಟ್ಟಿದ ಶಾಖ ಸೋರಿಹೋಗಿ ಕಸ ನಿಧಾನವಾಗಿ ಕೊಳೆಯುತ್ತದೆ. ಒಂದು ಘನ ಮೀಟರ್ ಇದ್ದರೆ ಶಾಖ ನಿಲ್ಲುತ್ತದೆ, ಹಲಗೆಗಳ ಸಂದಿನಿಂದ ಗಾಳಿಯೂ ಆಡುತ್ತದೆ. ಒಂದು ಪಾಲು ಅಡುಗೆಮನೆಯ ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಹಾಕಿದರೆ ದುರ್ವಾಸನೆ ಬಾರದು. ಒಂದೇ ಕುಟುಂಬಕ್ಕೆ ಇದು ದೊಡ್ಡದು. ನಾಲ್ಕಾರು ಮನೆಯವರು ಸೇರಿ, ಅಥವಾ ಶಾಲೆ, ಅಪಾರ್ಟ್‌ಮೆಂಟ್ ಸಂಘಗಳು ಇದನ್ನು ಮಾಡಿಕೊಂಡರೆ ಬೀದಿಬದಿಯಲ್ಲಿ ಎಲೆ ಸುಡುವ ಪರಿಪಾಠಕ್ಕೂ ಕಡಿವಾಣ ಬೀಳುತ್ತದೆ.

ಬಳ್ಳಿಗಳಿಗೆ ಆಸರೆಯಾಗಿ ಇಡೀ ಪ್ಯಾಲೆಟ್ಟನ್ನು ಗೋಡೆಗೆ ಓರೆಯಾಗಿ ನಿಲ್ಲಿಸಬಹುದು. ಬಸಳೆ, ಹೀರೆ, ಅವರೆ ಬಳ್ಳಿಗಳು ಹಲಗೆಗಳ ಸಂದಿನಲ್ಲಿ ನುಸುಳಿ ಹಬ್ಬುತ್ತವೆ. ಚಪ್ಪರ ಹಾಕಲು ಜಾಗವಿಲ್ಲದ ನಗರದ ಹಿತ್ತಲಿಗೆ ಇದು ತಕ್ಕ ಪರ್ಯಾಯ.

ನೆಟ್ಟಗೆ ನಿಲ್ಲಿಸಿ, ಹಿಂಬದಿಗೂ ಸಂದುಗಳ ಅಡಿಗೂ ಹಲಗೆ ಬಿಗಿದು, ತೆಂಗಿನ ನಾರಿನ ಚಾಪೆ ಹಾಸಿದರೆ ಲಂಬ ಕೈತೋಟ ಸಿದ್ಧವಾಗುತ್ತದೆ. ಇಲ್ಲಿ ಮಣ್ಣಿನ ಆಳ ಕಡಿಮೆ. ದೊಡ್ಡಪತ್ರೆ, ಪುದೀನ, ಕೊತ್ತಂಬರಿ, ಮೆಂತ್ಯಕ್ಕೆ ಸಾಲುತ್ತದೆ. ಮೂಲಂಗಿ, ಬದನೆಗೆ ಸಾಲದು. ಪ್ಲಾಸ್ಟಿಕ್ ಹಾಳೆ ಹಾಸುವುದಾದರೆ ತೂತುಗಳಿರಲಿ, ಇಲ್ಲವಾದರೆ ನೀರು ನಿಂತು ಬೇರೂ ಮರವೂ ಕೊಳೆಯುತ್ತವೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಉರುಳದಂತೆ ಇದನ್ನು ಗೋಡೆಗೆ ಭದ್ರಪಡಿಸಬೇಕು. ತಾರಸಿಯ ಕೈಪಿಡಿ ಗೋಡೆಯ ಮೇಲೆ ಇರಿಸುವ, ಹೊರಕ್ಕೆ ತೂಗುಹಾಕುವ ಸಾಹಸ ಎಂದಿಗೂ ಬೇಡ. ಕೆಳಗೆ ಜನ ಓಡಾಡುತ್ತಾರೆ.

ತಾರಸಿಯಲ್ಲಿ ಭಾರದ ಲೆಕ್ಕವನ್ನೂ ಹಾಕಬೇಕು. ಒಂದು ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಪೆಟ್ಟಿಗೆ 90 ಲೀಟರ್ ಹಿಡಿಯುತ್ತದೆ. ಬರಿಯ ಮಣ್ಣು ತುಂಬಿ ನೀರುಣಿಸಿದರೆ ಸುಮಾರು 150 ಕಿಲೋ, ಅಂದರೆ ಇಬ್ಬರು ದೃಢಕಾಯರ ತೂಕ, ಹಗಲಿರುಳೂ ಒಂದೇ ಜಾಗದ ಮೇಲೆ ನಿಂತಂತೆ. ತೆಂಗಿನ ನಾರಿನ ಪುಡಿ ಹಾಗೂ ಗೊಬ್ಬರವನ್ನು ಧಾರಾಳವಾಗಿ ಬೆರೆಸಿದರೆ ತೂಕ ಗಣನೀಯವಾಗಿ ಇಳಿಯುತ್ತದೆ. ಇಂತಹ ಪೆಟ್ಟಿಗೆಗಳನ್ನು ತಾರಸಿಯ ನಡುವಿಗಿಂತ ಗೋಡೆಯ ಅಥವಾ ತೊಲೆಯ ನೇರಕ್ಕೆ ಇಡುವುದು ಲೇಸು. ಹಳೆಯ ಕಟ್ಟಡವಾದರೆ ಎಂಜಿನಿಯರ್ ಸಲಹೆ ಪಡೆಯಬೇಕು.

ಮನೆಯೊಳಗೆ

1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲದ ಎರಡು ಪ್ಯಾಲೆಟ್‌ಗಳನ್ನು ಜೋಡಿಸಿದರೆ ಎರಡು ಮೀಟರ್ ಉದ್ದ, 1.2 ಮೀಟರ್ ಅಗಲದ ಒಂಟಿ ಮಂಚದ ತಳ ದೊರೆಯುತ್ತದೆ. ಎರಡು ಸುತ್ತು ಪೇರಿಸಿದರೆ ಎತ್ತರ ಒಂದಡಿಯ ಸಮೀಪ. ಹಾಸಿಗೆಯ ಅಡಿ ಗಾಳಿಯಾಡುವುದರಿಂದ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಕಡಿಮೆ. ಆದರೆ ಆ ಸಂದುಗಳೇ ತಿಗಣೆ, ಜಿರಲೆಗಳಿಗೂ ಆಶ್ರಯವಾಗಬಲ್ಲವು. ಮನೆಗೆ ತರುವ ಮುನ್ನ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಹಲವು ದಿನ ಬಿಸಿಲಿಗೆ ಒಣಗಿಸುವುದು ಅವಶ್ಯ. ನಂತರ ಕೈಗೆ ಸಿಬಿರು ಚುಚ್ಚದಷ್ಟು ನುಣುಪಾಗುವವರೆಗೆ ಉಜ್ಜಬೇಕು.

ಬೆಂಚು, ಚಪ್ಪಲಿ ಗೂಡು, ಪಾತ್ರೆ ಕಪಾಟುಗಳಿಗೆ ಹಲಗೆ ಸಾಕಷ್ಟು ಗಟ್ಟಿ. ಭಾರದ ಪುಸ್ತಕಗಳ ಕಪಾಟಿಗಾದರೆ ಆಸರೆಗಳ ನಡುವಿನ ಅಂತರ ಎರಡಡಿ ಮೀರದಿರಲಿ; ತೆಳು ಹಲಗೆ ಕ್ರಮೇಣ ಬಾಗುತ್ತದೆ. ಜೋಡಣೆಗೆ ಮೊಳೆಗಿಂತ ಸ್ಕ್ರೂ ಉತ್ತಮ. ಮೊದಲು ಸಣ್ಣ ರಂಧ್ರ ಕೊರೆದು ಸ್ಕ್ರೂ ತಿರುಗಿಸಿದರೆ ಒಣಗಿದ ಮರ ಸೀಳುವುದಿಲ್ಲ. ಮಕ್ಕಳ ಪೀಠೋಪಕರಣಕ್ಕೆ ಬಣ್ಣ ಬಳಿಯುವವರು ಡಬ್ಬಿಯ ಮೇಲಿನ ಸೀಸದ ಪ್ರಮಾಣವನ್ನು ಓದಬೇಕು. 2016ರಲ್ಲಿ ಹೊರಡಿಸಿ 2017ರ ನವೆಂಬರ್‌ನಿಂದ ಜಾರಿಯಾದ ನಿಯಮದಂತೆ ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ.

ಲಾಭ ಯಾರಿಗೆ, ಯಾವಾಗ?

ಒಂದು ಯೂರೋ ಪ್ಯಾಲೆಟ್‌ನಲ್ಲಿರುವುದು ಸುಮಾರು ಒಂದೂವರೆ ಘನ ಅಡಿ ಮರ. ಮರದ ಅಂಗಡಿಯಲ್ಲಿ ಪೈನ್ ಮರದ ಘನ ಅಡಿ ದರವನ್ನು ವಿಚಾರಿಸಿ, ಅದರೊಂದಿಗೆ ಗುಜರಿ ಬೆಲೆ, ಸಾಗಣೆ ಹಾಗೂ ಬಡಗಿಯ ಕೂಲಿಯನ್ನು ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬಿಚ್ಚಿ, ಮೊಳೆ ತೆಗೆದು, ಉಜ್ಜುವುದಕ್ಕೇ ದಿನಗೂಲಿ ತೆರಬೇಕಾದರೆ ಉಳಿತಾಯವೆಲ್ಲ ಕರಗಿಹೋಗುತ್ತದೆ. ರಜಾದಿನದಲ್ಲಿ ಮನೆಮಂದಿಯೇ ದುಡಿದರೆ, ಅಥವಾ ಬಿಚ್ಚದೆ ಬಳಸುವ ಕೆಲಸವನ್ನು ಆಯ್ದುಕೊಂಡರೆ ಮಾತ್ರ ಪ್ಯಾಲೆಟ್ ನಿಜಕ್ಕೂ ಅಗ್ಗ.

ಮುರಿಯದ ಪ್ಯಾಲೆಟ್‌ಗೆ ಅತ್ಯುತ್ತಮ ಮರುಬಳಕೆ ಎಂದರೆ ಪ್ಯಾಲೆಟ್ ಆಗಿಯೇ ಮತ್ತೆ ಸರಕು ಹೊರುವುದು. ದುರಸ್ತಿ ಮಾಡಿ ಮಾರುವವರು ಕೈಗಾರಿಕಾ ಪ್ರದೇಶಗಳಲ್ಲಿದ್ದಾರೆ. ಅವರೂ ಬೇಡವೆಂದ, ಹಲಗೆ ಮುರಿದ ಪ್ಯಾಲೆಟ್ಟೇ ಮನೆಗೆ ತಕ್ಕದ್ದು.

ಉಳಿದ ಚೂರುಗಳ ವಿಷಯದಲ್ಲೂ ಎಚ್ಚರ ಅಗತ್ಯ. ಎಚ್‌ಟಿ ಮುದ್ರೆಯ, ಬಣ್ಣ ಕಾಣದ, ಕಲೆಯಿಲ್ಲದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬಹುದು. ಬಣ್ಣ ಬಳಿದ, ಎಣ್ಣೆ ಕುಡಿದ, ಎಂಬಿ ಮುದ್ರೆಯ ಅಥವಾ ಮೂಲ ತಿಳಿಯದ ಮರವನ್ನು ನೀರು ಕಾಯಿಸಲೂ ಅಡುಗೆಗೂ ಉರಿಸಬಾರದು. ಅದರ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತ ಮನೆಯ ಹೆಂಗಸರು, ಮಕ್ಕಳು. ಅದರ ಬೂದಿಯನ್ನು ಗಿಡದ ಬುಡಕ್ಕೆ ಸುರಿದರೆ ಅದೇ ವಿಷ ತಟ್ಟೆಗೆ ಮರಳಬಹುದು.

ಎಲ್ಲೋ ದೂರದ ನಾಡಿನಲ್ಲಿ ಬೆಳೆದ ಮರ ಕಡಲು ದಾಟಿ ಬಂದು, ನಮ್ಮೂರ ಗೋದಾಮಿನ ಹಿತ್ತಲಲ್ಲಿ ಅನಾಥವಾಗಿ ಬಿದ್ದಿದೆ. ಅದಕ್ಕೆ ಇನ್ನಷ್ಟು ವರ್ಷಗಳ ಆಯುಷ್ಯ ನೀಡುವುದು ಸ್ತುತ್ಯರ್ಹ ಕೆಲಸವೇ ಸರಿ. ಕೊಳ್ಳುವ ಮುನ್ನ ಒಂದು ನಿಮಿಷ ಬಗ್ಗಿ ಬದಿಯ ಮುದ್ರೆಯನ್ನು ಓದುವ, ಒಮ್ಮೆ ಮೂಸಿ ನೋಡುವ ತಾಳ್ಮೆ ಇದ್ದರೆ ಸಾಕು. ಆ ಒಂದು ನಿಮಿಷಕ್ಕೆ ಯಾವ ಖರ್ಚೂ ಇಲ್ಲ.